ಹಳೆಯ ಲ್ಯಾಪ್‌ಟಾಪ್ ಕೊಡುವ ಮುನ್ನ ಫೈಲ್ ಡಿಲೀಟ್ ಮಾಡಿದರೆ ಸಾಕೇ?

ಹೊಸ ಲ್ಯಾಪ್‌ಟಾಪ್ ಬಂದಾಗ, ವರ್ಷಗಟ್ಟಲೆ ಜೊತೆಗಿದ್ದ ಹಳೆಯದನ್ನು ಮಾರುತ್ತೇವೆ ಇಲ್ಲವೇ ನೆಂಟರ ಮಕ್ಕಳಿಗೆ ಕೊಡುತ್ತೇವೆ. ರೀಸೈಕಲ್ ಬಿನ್ ಖಾಲಿ ಮಾಡಿದರೆ ಎಲ್ಲವೂ ಅಳಿಸಿಹೋಗುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಇದು ನಿಜವಲ್ಲ.

ಹಾರ್ಡ್ ಡಿಸ್ಕ್‌ನಲ್ಲಿ ಫೈಲ್ ಡಿಲೀಟ್ ಮಾಡಿದಾಗ ಆ ಜಾಗ ಖಾಲಿ ಎಂದು ಗುರುತಾಗುತ್ತದೆ, ಅಷ್ಟೇ. ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರು ಹೊಡೆದುಹಾಕಿದರೂ ಪುಟಗಳು ಅಲ್ಲೇ ಇರುತ್ತವಲ್ಲ, ಹಾಗೆ. ಆ ಜಾಗದಲ್ಲಿ ಬೇರೆ ಮಾಹಿತಿ ಬರೆಯುವವರೆಗೆ ನಿಮ್ಮ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯವರ ಫೋಟೊಗಳನ್ನು ರಿಕವರಿ ಸಾಫ್ಟ್‌ವೇರ್ ಮರಳಿ ತೆಗೆಯಬಲ್ಲದು.

ಹಾಗಾದರೆ ಏನು ಮಾಡಬೇಕು? ಮೊದಲು ಬ್ಯಾಕಪ್ ತೆಗೆದುಕೊಂಡು, ಫೈಲ್‌ಗಳು ಹೊಸದರಲ್ಲಿ ತೆರೆಯುತ್ತವೆಯೇ ನೋಡಿ. ವಿಂಡೋಸ್ 10 ಅಥವಾ 11 ಇದ್ದರೆ ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಆಯ್ದು, ಸೆಟ್ಟಿಂಗ್ಸ್‌ನಲ್ಲಿ ‘ಕ್ಲೀನ್ ಡೇಟಾ’ ಆನ್ ಮಾಡಿ. ಇದಕ್ಕೆ ಕೆಲವು ಗಂಟೆ ಹಿಡಿಯಬಹುದು, ಚಾರ್ಜರ್ ತೆಗೆಯಬೇಡಿ.