ಜಾವಾ ಮತ್ತು ಒಂದು ಕಸದ ಕಣ

ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಮೋಟಾರ್ ಸೈಕಲ್ ತಯಾರಿಕೆ ಆರಂಭವಾಯಿತು. ತಂತ್ರಜ್ಞಾನ ಜೆಕೊಸ್ಲೊವಾಕಿಯಾದ್ದು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗೇರಿನ ಕೋಲನ್ನೇ ತಿರುಗಿಸಿ ಕಿಕ್ ಮಾಡುವ ಆ ಬಂಡಿಯನ್ನು ನನ್ನ ಹಳೆಯ ಶಿಷ್ಯರು ಮರೆತಿರಲಾರರು.

ಅದಕ್ಕೆ ಪೆಟ್ರೋಲಿನೊಡನೆ ಎಣ್ಣೆಯನ್ನೂ ಬೆರೆಸಿ ಹಾಕಬೇಕಿತ್ತು. ಬಂಡಿ ನಿಂತೇ ಇದ್ದರೆ ಪೆಟ್ರೋಲ್ ಆರಿ, ಎಣ್ಣೆಯ ಜಿಡ್ಡು ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಉಳಿಯುತ್ತಿತ್ತು. ಹೀಗಾಗಿ ಮಾಲೀಕರೇ ಸ್ಪ್ಯಾನರ್ ಹಿಡಿಯುವುದು ಅಂದಿನ ರೂಢಿ. ನಾನೂ ಒಂದು ಭಾನುವಾರ ಅದನ್ನು ಬಿಚ್ಚಿ ತೊಳೆದು ಜೋಡಿಸಿದೆ. ಮರುದಿನ ಬೆಳಿಗ್ಗೆ ಪರೀಕ್ಷೆಯ ಮೇಲ್ವಿಚಾರಣೆಗೆ ಹೊರಡಬೇಕು, ಎಷ್ಟು ಒದ್ದರೂ ಎಂಜಿನ್ ಸದ್ದಿಲ್ಲ! ಕಿಡಿಯ ದೋಷವೆಂದು ಹೊಸ ಪ್ಲಗ್ ಹಾಕಿದೆ. ಪ್ರಯೋಜನವಾಗಲಿಲ್ಲ.

ಪಕ್ಕದ ಬೀದಿಯ ಗ್ಯಾರೇಜಿನಿಂದ ನನ್ನ ಶಿಷ್ಯನೊಬ್ಬ ಬಂದ. ಎರಡು ಬಾರಿ ನಪಾಸಾದವನು. "ಗಮನವಿಲ್ಲದ ಹುಡುಗ" ಎಂದು ಅವನ ಅಂಕಪಟ್ಟಿಯಲ್ಲಿ ಬರೆದವನು ನಾನೇ. "ಸಾರ್, ಮೊನ್ನೆವರೆಗೆ ಓಡ್ತಿತ್ತಲ್ವಾ? ಹಾಗಿದ್ರೆ ನೀವು ಮುಟ್ಟಿದ ಕಡೆನೇ ನೋಡೋಣ" ಎಂದ. ಪ್ಲಗ್ ಬಿಚ್ಚಿದ, ಪೆಟ್ರೋಲಿನಲ್ಲಿ ತೊಯ್ದಿತ್ತು. ಒಣಗಿದ್ದರೆ ಜೆಟ್ ಕಟ್ಟಿದೆ ಎನ್ನಬಹುದಿತ್ತಂತೆ. ಫ್ಲೋಟಿನ ಸೂಜಿ ಕೂರುವ ಜಾಗದಲ್ಲಿ ಒಂದು ಕಸದ ಕಣ! ನನ್ನ ಒರೆಸುವ ಬಟ್ಟೆಯದೇ ಇರಬೇಕು. ಅದರಿಂದ ಸೂಜಿ ಮುಚ್ಚದೆ ಪೆಟ್ರೋಲ್ ಉಕ್ಕುತ್ತಿತ್ತು. ಕಣ ತೆಗೆದು, ಪ್ಲಗ್ ಒರೆಸಿ, ಪೆಟ್ರೋಲ್ ನಲ್ಲಿ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಒದ್ದ. ನಾಲ್ಕನೆಯ ಒದೆತಕ್ಕೆ ಹೊಗೆ ಬಿಟ್ಟು ಎಂಜಿನ್ ಎದ್ದಿತು.

ಹಣ ಕೊಡಹೋದರೆ, "ಬೇಡ ಸಾರ್, ಬೆಲ್ ಹೊಡೀತಾರೆ, ಹೊರಡಿ" ಎಂದ.