ಚಂದ್ರಗಿರಿಯ ಕೆಂಪು ಗೆರೆಯ ಮೀನು

ಚಂದ್ರಗಿರಿ ಕೋಟೆಯ ಬುಡದಲ್ಲಿ ಅಗಲವಾಗಿ ಹರಿಯುವ ಅದೇ ಹೆಸರಿನ ಹೊಳೆ ಹಳಬರ ಲೆಕ್ಕದಲ್ಲಿ ತುಳುನಾಡಿನ ತೆಂಕಣ ಗಡಿ. ಅಕ್ವೇರಿಯಂ ವ್ಯಾಪಾರಿಗಳ ಕಣ್ಣು ಬಿದ್ದದ್ದು ಮಾತ್ರ ಅದರ ಮೇಲ್ಹರಿವಿನ ಮೇಲೆ. ಕಲ್ಲುಗಳ ನಡುವೆ ತಣ್ಣನೆಯ ನೀರು ಓಡುವಲ್ಲಿ 'ಮಿಸ್ ಕೇರಳ' ಎಂಬ ಮೀನು ಇದೆ: ಬೆಳ್ಳಿ ಮೈ, ಉದ್ದಕ್ಕೆ ಕಪ್ಪು ಪಟ್ಟಿ, ಮೇಲೊಂದು ಕೆಂಪು ಗೆರೆ.

1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಈ ಜಾತಿಯನ್ನು ಮೊದಲು ವರ್ಣಿಸಿ, ಮದರಾಸಿನ ಗವರ್ನರ್ ವಿಲಿಯಂ ಡೆನಿಸನ್‌ನ ಹೆಸರಿಟ್ಟ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಹೊರಗಿನವರು ಅದನ್ನು ಕೇಳಲಿಲ್ಲ.

1990ರ ದಶಕದಲ್ಲಿ ಸಿಂಗಪುರದ ಅಕ್ವೇರಿಯಂ ಮೇಳದಲ್ಲಿ ಕಾಣಿಸಿಕೊಂಡದ್ದು ಇದರ ಅದೃಷ್ಟ ಬದಲಿಸಿತು. ಅದೃಷ್ಟವೆಂದರೆ ವ್ಯಾಪಾರಿಗಳದ್ದು, ಮೀನಿನದ್ದಲ್ಲ. 2005ರಿಂದ 2012ರ ನಡುವೆ ಭಾರತದಿಂದ ಇಂಥ ಮೂರು ಲಕ್ಷಕ್ಕೂ ಮಿಕ್ಕಿ ಮೀನುಗಳು ರಫ್ತಾದವು. ಅವುಗಳಲ್ಲಿ ಹೆಚ್ಚಿನವು ಹೊಳೆಯಿಂದಲೇ ಹಿಡಿದವು.

ಸಾಕುವವರು ತಿಳಿದಿರಬೇಕು: ಹವಳದ ಉಪ್ಪುನೀರಿನ ತೊಟ್ಟಿಗೆ ಈ ಮೀನು ಸಲ್ಲದು, ಅಪ್ಪಟ ಸಿಹಿನೀರಿನ ಜೀವ. ಸಿಹಿನೀರಿನಲ್ಲೂ ಜೊತೆಗಾರರನ್ನು ನೋಡಿಯೇ ಆರಿಸಬೇಕು. ಅರ್ಧ ಗೇಣಿಗೂ ಉದ್ದ ಬೆಳೆದು ಗುಂಪಾಗಿ ಓಡಾಡುವ ಇದಕ್ಕೆ ಉದ್ದನೆಯ ತೊಟ್ಟಿ, ಆಮ್ಲಜನಕ ತುಂಬಿದ ನೀರು, ಕನಿಷ್ಠ ಆರು ಸಂಗಾತಿಗಳು ಬೇಕು. ಚುರುಕಾದ ಬಾರ್ಬ್‌ಗಳೊಡನೆ ಹೊಂದುತ್ತದೆ. ಉದ್ದ ರೆಕ್ಕೆಯ ನಿಧಾನದ ಮೀನುಗಳು ಇದರ ಓಟಕ್ಕೆ ಬೆದರಿ ಹೊಟ್ಟೆಗಿಲ್ಲದೆ ಸೊರಗುತ್ತವೆ. 'ರೋಸ್‌ಲೈನ್ ಶಾರ್ಕ್' ಎಂಬ ಮಾರಾಟದ ಹೆಸರು ನಂಬಿ ಒಂಟಿಯಾಗಿ ಕೊಂಡವರಿಗೆ ಸಿಗುವುದು ಮೂಲೆಯಲ್ಲಿ ಅವಿತ ಮೀನು.

2008ರಲ್ಲಿ ಕೇರಳ ಮೀನುಗಾರಿಕೆ ಇಲಾಖೆ ಇದನ್ನು ಹೊಳೆಯಿಂದ ಹಿಡಿಯುವುದಕ್ಕೆ ನಿರ್ಬಂಧ ಹಾಕಿತು. ಕೊಚ್ಚಿ ಬಳಿಯ ಪನಂಗಾಡಿನ ಮೀನುಗಾರಿಕೆ ಕಾಲೇಜಿನವರು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿದರು. ಆಮೇಲೆ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾಗಿದ್ದದ್ದು, ಮೀನು ಹೊಳೆಯದೋ ತೊಟ್ಟಿಯದೋ ಎಂದು.