ಅಂಗೈ ಅಗಲದ ಸ್ಪೀಕರ್: ಸೌಂಡ್ ಮುಖ್ಯವೋ, ಅನುಕೂಲ ಮುಖ್ಯವೋ?

ಸಂತೆಯಲ್ಲೂ ಮೊಬೈಲ್ ಅಂಗಡಿಯಲ್ಲೂ ಈಗ ಪುಟ್ಟ ಬ್ಲೂಟೂತ್ ಸ್ಪೀಕರ್‌ಗಳು ಸಾಲಾಗಿ ಕೂತಿರುತ್ತವೆ. ಟ್ರ್ಯಾಕ್ಟರ್ ಮೇಲೆ, ಕೊಟ್ಟಿಗೆಯ ಕಿಟಕಿಯಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ಇವು ಹಾಡುತ್ತಿರುತ್ತವೆ. ಕೊಳ್ಳುವವರು ಕೇಳುವುದು ಎರಡೇ ಮಾತು: ಸೌಂಡ್ ಹೇಗಿದೆ? ಚಾರ್ಜ್ ಎಷ್ಟು ಹೊತ್ತು ಬರುತ್ತೆ? ಈ ಪ್ರಶ್ನೆಗಳು ಹೊಸವಲ್ಲ. ಇವಕ್ಕೆ ಎಪ್ಪತ್ತು ವರ್ಷದ ಇತಿಹಾಸವಿದೆ.

ಜೇಬಿಗೆ ಬಂದ ರೇಡಿಯೊ

ಹಳೆಯ ರೇಡಿಯೊಗಳು ವಾಲ್ವಿನವು. ದೊಡ್ಡ ಮರದ ಪೆಟ್ಟಿಗೆ, ಒಳಗೆ ಬಿಸಿಯಾಗುವ ಗಾಜಿನ ವಾಲ್ವ್‌ಗಳು. ಇದ್ದ ಜಾಗ ಬಿಟ್ಟು ಕದಲುತ್ತಿದ್ದದ್ದು ಕಡಿಮೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಏಳು ವರ್ಷಕ್ಕೆ, 1954ರ ಕೊನೆಯಲ್ಲಿ, ಅಲ್ಲಿಯೇ ‘ರೀಜೆನ್ಸಿ ಟಿಆರ್-1’ ಎಂಬ ಪುಟ್ಟ ರೇಡಿಯೊ ಮಾರಾಟಕ್ಕೆ ಬಂತು. ಐದು ಇಂಚು ಎತ್ತರ, ಮೂರು ಇಂಚು ಅಗಲ, ಒಳಗೆ ನಾಲ್ಕೇ ಟ್ರಾನ್ಸಿಸ್ಟರ್. ಬೆಲೆ 49.95 ಡಾಲರ್, ಆ ಕಾಲಕ್ಕೆ ದುಬಾರಿಯೇ.

ಗ್ರಾಹಕರ ಪರವಾಗಿ ವಸ್ತುಗಳನ್ನು ಪರೀಕ್ಷಿಸುವ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆ ಇದನ್ನು ಪರೀಕ್ಷಿಸಿ, ಗರಗರ ಸದ್ದು ಜಾಸ್ತಿ, ಕೊಳ್ಳಬೇಡಿ ಎಂಬ ಅಭಿಪ್ರಾಯ ಕೊಟ್ಟಿತು. ಆದರೂ ಜನ ಲಕ್ಷಕ್ಕೂ ಹೆಚ್ಚು ಸೆಟ್ ಕೊಂಡರು. ಮನೆಯ ದೊಡ್ಡ ರೇಡಿಯೊದ ದನಿ ಇದಕ್ಕಿಂತ ಚೆನ್ನಾಗಿತ್ತು, ಆದರೆ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಲು ಆಗುತ್ತಿರಲಿಲ್ಲ.

ನಮ್ಮ ಕಡೆ ಆದದ್ದು

ನಮ್ಮಲ್ಲಿ ಬಾನುಲಿ ಬೇಗನೇ ಬಂತು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ನಿಲಯ ಶುರು ಮಾಡಿದ್ದರು. ಆದರೆ ಕರೆಂಟೇ ಇಲ್ಲದ ಹಳ್ಳಿಯಲ್ಲಿ ವಾಲ್ವ್ ರೇಡಿಯೊ ನಡೆಸುವುದು ಸುಲಭವಿರಲಿಲ್ಲ. ಸೆಲ್ ಹಾಕಿದರೆ ಹಾಡುವ ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೊ ಹೊಲಕ್ಕೂ ಹೊರಟಿತು. ತಮಿಳುನಾಡಿನ ತಂಜಾವೂರು ಸೀಮೆಯಲ್ಲಿ 1960ರ ದಶಕದಲ್ಲಿ ರೈತರು ಎಡಿಟಿ-27 ಎಂಬ ಭತ್ತವನ್ನು ‘ರೇಡಿಯೊ ಭತ್ತ’ ಎಂದೇ ಕರೆದರು. ಆ ತಳಿಯ ವಿಷಯ ಅವರಿಗೆ ರೇಡಿಯೊದಿಂದ ತಿಳಿದಿತ್ತು. ದನಿ ಸ್ವಲ್ಪ ಒರಟಾಗಿದ್ದರೂ ಹೇಳುವ ಮಾತು ಬದುಕಿಗೆ ಬೇಕಾದದ್ದಾಗಿತ್ತು.

ಸಣ್ಣದಕ್ಕೆ ಗುಮ್ ಬಂದದ್ದು ಹೇಗೆ?

ಸದ್ದು ಎಂದರೆ ಗಾಳಿಯನ್ನು ತಳ್ಳುವ ಕೆಲಸ. ಡೊಳ್ಳಿನ ಅಗಲವಾದ ಚರ್ಮ ಹೆಚ್ಚು ಗಾಳಿ ತಳ್ಳುತ್ತದೆ, ಅದಕ್ಕೇ ಎದೆ ನಡುಗುತ್ತದೆ. ಕಂಜಿರ ಎಷ್ಟೇ ಜೋರಾಗಿ ಬಾರಿಸಿದರೂ ಡೊಳ್ಳಾಗುವುದಿಲ್ಲ. ಸಣ್ಣ ಸ್ಪೀಕರಿನ ಕಷ್ಟವೂ ಇದೇ.

ಈ ಕಷ್ಟವನ್ನು ಸ್ವಲ್ಪ ತಗ್ಗಿಸಿದವು ಕೆಲವು ಹೊಸ ವಸ್ತುಗಳು. 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಅಯಸ್ಕಾಂತ ಸಣ್ಣದಾದರೂ ಬಲು ಗಟ್ಟಿ. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್ ಬ್ಯಾಟರಿ ಹಗುರ, ಮತ್ತೆ ಮತ್ತೆ ಚಾರ್ಜ್ ಮಾಡಬಹುದು. ಜೊತೆಗೆ, ಒಳಗಿನ ಗಾಳಿಯ ಒತ್ತಡಕ್ಕೇ ಅಲುಗುವ, ತಂತಿ ಇಲ್ಲದ ಇನ್ನೊಂದು ಪೊರೆಯನ್ನು ಪೆಟ್ಟಿಗೆಗೆ ಕೂರಿಸಿದರು. ಅನೇಕ ಸ್ಪೀಕರ್‌ಗಳಲ್ಲಿ ಪಕ್ಕದಲ್ಲಿ ಅದುರುವುದು ಅದೇ.

ತಂತಿಯನ್ನು ಬಿಡಿಸಿದ್ದು ಬ್ಲೂಟೂತ್. 1994ರ ಸುಮಾರಿಗೆ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಇದರ ಕೆಲಸ ಶುರುವಾಯಿತು. 1998ರಲ್ಲಿ ಹಲವು ಕಂಪನಿಗಳು ಒಂದಾಗಿ ಸಂಘ ಕಟ್ಟಿದವು. ಹೆಸರು ಹತ್ತನೇ ಶತಮಾನದ ಡೆನ್ಮಾರ್ಕ್ ರಾಜ ಹೆರಾಲ್ಡ್ ಬ್ಲೂಟೂತ್‌ನದು. 2010ರಲ್ಲಿ ಬಂದ ‘ಜಾಂಬಾಕ್ಸ್’ ಎಂಬ ಇಟ್ಟಿಗೆ ಆಕಾರದ ಸ್ಪೀಕರ್ ಹೆಸರು ಮಾಡಿದ ಮೇಲೆ ಇಂಥವು ಸಾಲುಸಾಲಾಗಿ ಬಂದವು.

ಕೊಳ್ಳುವಾಗ ಏನು ನೋಡಬೇಕು?

ಡಬ್ಬಿಯ ಮೇಲಿನ ವ್ಯಾಟ್ ನೋಡಿ ಮರುಳಾಗಬೇಡಿ. ಅಂಗಡಿಯ ಗೋಡೆಗಳು ಸದ್ದನ್ನು ವಾಪಸ್ ಕೊಡುವುದರಿಂದ ಅಲ್ಲಿ ಗುಮ್ ಹೆಚ್ಚಾಗಿ ಕೇಳುತ್ತದೆ. ಬಾಗಿಲಾಚೆ ಬಯಲಿಗೆ ತಂದು ಕೇಳಿ. ಹಾಡಿನ ಜೊತೆಗೆ ವಾರ್ತೆಯನ್ನೋ ಹರಿಕಥೆಯನ್ನೋ ಹಾಕಿ, ಮಾತು ಸ್ಪಷ್ಟವಿದೆಯೇ ನೋಡಿ. ವಾಲ್ಯೂಮ್ ಪೂರ್ತಿ ಏರಿಸಿ, ದನಿ ಒಡೆಯುತ್ತದೆಯೇ ಗಮನಿಸಿ. ಒಂದು ವಿಡಿಯೊ ಹಾಕಿ, ತುಟಿ ಅಲುಗುವುದಕ್ಕೂ ಮಾತು ಕೇಳುವುದಕ್ಕೂ ಅಂತರವಿದೆಯೇ ನೋಡಿ.

‘ಐಪಿಎಕ್ಸ್7’ ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ಆದರೆ ಅಲ್ಲಿರುವ ‘ಎಕ್ಸ್’ ಧೂಳಿನ ಬಗ್ಗೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಕ್ಕಣೆಯ ಕಣಕ್ಕೆ ಒಯ್ಯುವವರು ‘ಐಪಿ67’ ಇದೆಯೇ ಕೇಳಿ. ಅದರಲ್ಲಿರುವ 6 ಎಂದರೆ ಧೂಳು ಒಳಗೆ ಹೋಗದು.

ಇಷ್ಟರ ಮೇಲೆ, ಇನ್ನೊಂದು ಪ್ರಶ್ನೆ ಇದೆ. ಹಳೆಯ ಟ್ರಾನ್ಸಿಸ್ಟರಿನ ಹಿಂದಿನ ಮುಚ್ಚಳ ತೆಗೆದು ಯಾರು ಬೇಕಾದರೂ ಸೆಲ್ ಬದಲಿಸುತ್ತಿದ್ದರು. ಕೆಟ್ಟರೆ ರೇಡಿಯೊ ರಿಪೇರಿಯವರು ಬೆಸುಗೆ ಹಾಕಿ ಹಾಡಿಸುತ್ತಿದ್ದರು. ಇಂದಿನ ಅನೇಕ ಸ್ಪೀಕರ್‌ಗಳು ಅಂಟು ಹಾಕಿ ಮುಚ್ಚಿದವು. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತ ಬರುತ್ತದೆ. ಆಗ ದನಿ ಚೆನ್ನಾಗಿಯೇ ಇರುವ ಸ್ಪೀಕರ್ ಕಸದ ಗುಡ್ಡೆ ಸೇರುತ್ತದೆ, ನಾವು ಮತ್ತೆ ದುಡ್ಡು ಬಿಚ್ಚುತ್ತೇವೆ.

ಸೌಂಡಿನ ವಿಷಯದಲ್ಲಿ ಅಂದಿನ ಪರೀಕ್ಷಕರು ಹೇಳಿದ್ದು ಸರಿ. ಅನುಕೂಲದ ವಿಷಯದಲ್ಲಿ ಜನ ಆರಿಸಿಕೊಂಡದ್ದೂ ಸರಿ. ಅಂದು ಅವರು ಕೇಳಬೇಕಾಗಿರದ ಪ್ರಶ್ನೆಯೊಂದನ್ನು ಇಂದು ನಾವು ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಬೇಕು: “ಇದರ ಬ್ಯಾಟರಿ ಬದಲಿಸಲು ಬರುತ್ತದೆಯೇ?”